ವಾಟರ್ ಮಿಸ್ಟ್ ಸಮಗ್ರ ಮಾರ್ಗದರ್ಶಿ: ಬೆಂಕಿಗೂ ಸೆಕೆಗೂ ಅದೇ ನೀರು, ಲೆಕ್ಕ ಮಾತ್ರ ಬೇರೆ

ಒಂದು ಪಂಪು, ಒಂದಷ್ಟು ಪೈಪು, ಸಣ್ಣ ತೂತಿನ ನಾಝಲ್‌ಗಳು. ವಾಟರ್ ಮಿಸ್ಟ್ ಅಂದ್ರೆ ನೀರನ್ನ ಮಂಜಿನಂಥ ಸಣ್ಣ ಹನಿ ಮಾಡಿ ಬಿಡೋದು. ಹೊರಗಿಂದ ನೋಡಿದ್ರೆ ಬೆಂಕಿ ಆರಿಸೋ ವಾಟರ್ ಮಿಸ್ಟೂ, ಸೆಕೆಗೆ ತಂಪು ಮಾಡೋ ಮಿಸ್ಟೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ, ಅದಕ್ಕೇ ಎಷ್ಟೋ ಜನ ಒಂದನ್ನ ಹಾಕಿಸಿಬಿಟ್ರೆ ಇನ್ನೊಂದು ಫ್ರೀಯಾಗಿ ಬಂತು ಅಂದ್ಕೊಂಡಿರ್ತಾರೆ. ಬರಲ್ಲ. ಯಾಕೆ ಬರಲ್ಲ ಅಂತ ತಿಳ್ಕೊಳ್ಳೋಕೆ ಒಂದು ಪ್ರಶ್ನೆ ಸಾಕು: ಹನಿ ಎಲ್ಲಿ ಆವಿ ಆಗ್ಬೇಕು? ತಂಪಿನ ಕೆಲಸದಲ್ಲಿ ಹನಿ ಗಾಳೀಲೇ ಮಾಯ ಆಗ್ಬೇಕು, ಯಾರ ಮೈಮೇಲೂ ನೆಲದ ಮೇಲೂ ಬೀಳಬಾರದು. ಬೆಂಕಿ ಕೆಲಸದಲ್ಲಿ ಅದೇ ಹನಿ ಬಿಸಿ ಹೊಗೇನ ಸೀಳ್ಕೊಂಡು ಉರಿ ತನಕ ಹೋಗಿ ಅಲ್ಲಿ ಆವಿ ಆಗ್ಬೇಕು. ಒತ್ತಡ ಎಷ್ಟು, ನಾಝಲ್ ಯಾವುದು, ಎಲ್ಲಿ ಕೂರಿಸ್ಬೇಕು, ನೀರು ಎಷ್ಟು ಬೇಕು, ಇದೆಲ್ಲ ಈ ಒಂದು ಪ್ರಶ್ನೆಯಿಂದಲೇ ತೀರ್ಮಾನ ಆಗೋದು.

ಮೊದಲು ಹನಿ ಲೆಕ್ಕ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಇದು ಗೊತ್ತಿಲ್ಲದೆ ಕ್ಯಾಟಲಾಗ್ ಓದಿದ್ರೆ ಏನೂ ತಲೆಗೆ ಹತ್ತಲ್ಲ.

ಒಂದು ಲೀಟರ್ ನೀರನ್ನ 1 ಮಿಲಿಮೀಟರ್ ಹನಿಗಳಾಗಿ ಒಡೆದ್ರೆ ಸುಮಾರು 19 ಲಕ್ಷ ಹನಿ ಆಗುತ್ತೆ, ಅವುಗಳ ಮೇಲ್ಮೈ ಎಲ್ಲ ಸೇರಿಸಿದ್ರೆ 6 ಚದರ ಮೀಟರ್. ಅದೇ ಲೀಟರನ್ನ 0.1 ಮಿಲಿಮೀಟರ್ ಅಂದ್ರೆ 100 ಮೈಕ್ರಾನ್ ಹನಿಗಳಾಗಿ ಒಡೆದ್ರೆ ಸುಮಾರು 190 ಕೋಟಿ ಹನಿ, ಮೇಲ್ಮೈ 60 ಚದರ ಮೀಟರ್. ನೀರು ಅಷ್ಟೇ, ಶಾಖ ಹೀರೋ ಜಾಗ ಹತ್ತು ಪಟ್ಟು. ಇದರ ಜೊತೆಗೆ ಹನಿ ಆವಿ ಆಗೋಕೆ ಬೇಕಾಗೋ ಸಮಯ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತೆ, ಅಂದ್ರೆ ಗಾತ್ರ ಅರ್ಧ ಆದ್ರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತೆ. ಸಣ್ಣ ಹನಿಯ ಜಾದೂ ಇಷ್ಟೇ.

ನೀರು ಆವಿ ಆಗೋವಾಗ ನುಂಗೋ ಶಾಖ ನೋಡಿ: 20 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿ ಆಗೋಕೆ ಕೆಜಿಗೆ ಸುಮಾರು 335 ಕಿಲೋಜೌಲ್ ತಗೊಳ್ಳುತ್ತೆ, ಅಲ್ಲಿಂದ ಆವಿ ಆಗೋಕೆ ಇನ್ನೂ 2257 ಕಿಲೋಜೌಲ್. ಅಂದ್ರೆ ಅಸಲಿ ಕೆಲಸ ಎಲ್ಲ ಆವಿ ಆಗೋದ್ರಲ್ಲೇ ಇದೆ, ಬರೀ ಒದ್ದೆ ಮಾಡಿ ಹರಿದು ಹೋದ ನೀರು ತನ್ನ ಶಕ್ತಿಯ ಬಹುಪಾಲನ್ನ ಖರ್ಚೇ ಮಾಡದೆ ಡ್ರೈನಿಗೆ ಹೋಯ್ತು ಅಂತ ಅರ್ಥ. ಒಂದು ಮೆಗಾವ್ಯಾಟ್ ಬೆಂಕಿಯ ಶಾಖವನ್ನ ಪೂರ್ತಿ ಹೀರೋಕೆ, ಬಿಟ್ಟ ನೀರೆಲ್ಲ ಆವಿ ಆಯ್ತು ಅಂತ ಇಟ್ಕೊಂಡ್ರೆ, ನಿಮಿಷಕ್ಕೆ ಬರೀ 23 ಲೀಟರ್ ಸಾಕು. ನಿಜವಾದ ಬೆಂಕೀಲಿ ಎಲ್ಲ ಹನಿಯೂ ಗುರಿ ಮುಟ್ಟಲ್ಲ, ಆದ್ರೂ ಸ್ಪ್ರಿಂಕ್ಲರ್‌ಗಿಂತ (ಸೂರಿಂದ ದಪ್ಪ ಹನಿ ಸುರಿಸೋ ಮಾಮೂಲಿ ವ್ಯವಸ್ಥೆ) ತುಂಬ ಕಮ್ಮಿ ನೀರಲ್ಲಿ ಮಿಸ್ಟ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಈ ಒಂದು ಅಂಕಿಯಲ್ಲೇ ಗೊತ್ತಾಗುತ್ತೆ.

ಇನ್ನೊಂದು ಕಡೆ ಇದೆ. ಸಣ್ಣ ಹನಿಗೆ ತೂಕ ಇಲ್ಲ. 100 ಮೈಕ್ರಾನ್ ಹನಿ ನಿಂತ ಗಾಳೀಲಿ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತೆ, 10 ಮೈಕ್ರಾನ್ ಹನಿ ಸೆಕೆಂಡಿಗೆ 3 ಮಿಲಿಮೀಟರ್ ಅಷ್ಟೇ, ಹೆಚ್ಚುಕಮ್ಮಿ ತೇಲ್ತಾನೇ ಇರುತ್ತೆ. ಬೆಂಕಿಯಿಂದ ಮೇಲೇಳೋ ಬಿಸಿ ಗಾಳಿ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ನುಗ್ತಿರುತ್ತೆ. ಹಾಗಾಗಿ ಫೈರ್ ಮಿಸ್ಟ್‌ಗೆ ಹನಿ ಸಣ್ಣಗಿದ್ರೆ ಸಾಲದು, ಅದನ್ನ ಒಳಗೆ ತಳ್ಳೋ ರಭಸವೂ ಬೇಕು. ಕೂಲಿಂಗ್ ಮಿಸ್ಟ್‌ಗೆ ಈ ರಭಸದ ಚಿಂತೆ ಇಲ್ಲ, ಅಲ್ಲಿ ಹನಿ ತೇಲಿದಷ್ಟೂ ಒಳ್ಳೇದೇ.

ಬೆಂಕಿ ಮೇಲೆ ಮಿಸ್ಟ್ ಏನು ಮಾಡುತ್ತೆ

ಮೂರು ಕೆಲಸ ಒಟ್ಟೊಟ್ಟಿಗೆ ಆಗುತ್ತೆ. ಜ್ವಾಲೆಯ ಶಾಖ ಕಸಿಯುತ್ತೆ, ಆಗ ಉರಿ ತನ್ನನ್ನ ತಾನೇ ಉಳಿಸ್ಕೊಳ್ಳೋಕೆ ಆಗದೆ ಬೀಳುತ್ತೆ. ನೀರು ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗಿ, ಉರಿಯ ಬುಡದಲ್ಲಿ ಆಮ್ಲಜನಕಕ್ಕೆ ಜಾಗ ಇಲ್ಲದ ಹಾಗೆ ಮಾಡುತ್ತೆ. ಜೊತೆಗೆ ಮಂಜಿನ ಪರದೆ ಬೆಂಕಿಯ ಧಗೆಯನ್ನ ತಡೆಯುತ್ತೆ, ಹಾಗಾಗಿ ಪಕ್ಕದಲ್ಲಿರೋ ಸಾಮಾನು ಅಷ್ಟು ಬೇಗ ಹತ್ಕೊಳ್ಳಲ್ಲ. ಉರಿಯೋ ವಸ್ತುವಿನ ಮೇಲ್ಮೈ ಒದ್ದೆ ಆಗೋದೂ ಇದೆ, ಆದ್ರೆ ಸ್ಪ್ರಿಂಕ್ಲರ್‌ನಲ್ಲಿ ಅದೇ ಮುಖ್ಯ ಕೆಲಸ, ಮಿಸ್ಟ್‌ನಲ್ಲಿ ಅದು ಸಹಾಯಕ.

ಇಲ್ಲೊಂದು ತಮಾಷೆ. ಮುಚ್ಚಿದ ರೂಮಲ್ಲಿ ದೊಡ್ಡ ಬೆಂಕಿ ಮಿಸ್ಟ್‌ಗೆ ಸುಲಭ, ಸಣ್ಣ ಬೆಂಕಿ ಕಷ್ಟ. ದೊಡ್ಡ ಬೆಂಕಿ ತಾನೇ ಆಮ್ಲಜನಕ ತಿಂದು ಮುಗಿಸ್ತಿರುತ್ತೆ, ಅದರ ಶಾಖಕ್ಕೆ ಹನಿ ಬೇಗ ಆವಿ ಆಗಿ ಉಳಿದದ್ದನ್ನೂ ಓಡಿಸುತ್ತೆ. ಯಾವುದೋ ಮೆಷಿನ್ ಕೆಳಗೆ ಮರೇಲಿ ಉರೀತಿರೋ ಸಣ್ಣ ಎಣ್ಣೆ ಬೆಂಕಿ ಅಷ್ಟು ಆವಿನೂ ಹುಟ್ಟಿಸಲ್ಲ, ಹನಿಯೂ ಅದಕ್ಕೆ ನೇರವಾಗಿ ತಲುಪಲ್ಲ. ಅದಕ್ಕೇ ಡಿಸೈನ್ ಮಾಡೋರು "ಎಷ್ಟು ದೊಡ್ಡ ಬೆಂಕಿ" ಅಂತ ಮಾತ್ರ ಕೇಳಿದ್ರೆ ಅನುಮಾನ ಪಡಿ, "ಎಲ್ಲಿ ಮರೆ ಇದೆ, ಬಾಗಿಲು ಎಷ್ಟಿದೆ, ಫ್ಯಾನ್ ನಿಲ್ಲುತ್ತಾ" ಅಂತಾನೂ ಕೇಳ್ಬೇಕು.

ಹೆಜ್ಜೆ 1: ನಿಮ್ಮ ಜಾಗಕ್ಕೆ ಮಿಸ್ಟ್ ಹೊಂದುತ್ತಾ ನೋಡಿ

ಮಿಸ್ಟ್ ಇವತ್ತಿನ ರೂಪಕ್ಕೆ ಬಂದಿದ್ದೇ ಹಡಗುಗಳಿಂದ ಅನ್ನಬಹುದು. 1990ರಲ್ಲಿ ಸ್ಕ್ಯಾಂಡಿನೇವಿಯನ್ ಸ್ಟಾರ್ ಅನ್ನೋ ಪ್ರಯಾಣಿಕರ ಹಡಗಿಗೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನ ಸತ್ರು, ಆಮೇಲೆ ಹಡಗುಗಳ ಬೆಂಕಿ ನಿಯಮ ಬಿಗಿ ಆಯ್ತು. ಅದೇ ಹೊತ್ತಿಗೆ 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಬೆಂಕಿ ಆರಿಸೋಕೆ ಬಳಸ್ತಿದ್ದ, ಆದ್ರೆ ಓಝೋನ್ ಪದರಕ್ಕೆ ಹಾನಿ ಮಾಡೋ ಹ್ಯಾಲಾನ್ ಗ್ಯಾಸ್‌ಗೆ ಬಾಗಿಲು ಮುಚ್ತಾ ಇತ್ತು, ಮುಂದುವರಿದ ದೇಶಗಳಲ್ಲಿ 1994ರ ಶುರುವಿಗೆ ಉತ್ಪಾದನೇನೇ ನಿಂತೋಯ್ತು. ಹಡಗಲ್ಲಿ ಟನ್‌ಗಟ್ಟಲೆ ಸಿಹಿನೀರು ಹೊತ್ಕೊಂಡು ತಿರುಗೋಕೆ ಆಗಲ್ಲ, ಮೇಲಿನ ಡೆಕ್ಕುಗಳಲ್ಲಿ ನೀರು ನಿಂತ್ರೆ ಹಡಗಿನ ಸಮತೋಲನಕ್ಕೇ ಅಪಾಯ, ಹಾಗಾಗಿ ಕಮ್ಮಿ ನೀರಲ್ಲಿ ಆಗೋ ಮಿಸ್ಟ್ ಅಲ್ಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹಡಗಿನ ಆ ಕಾರಣಗಳು ನಿಮ್ಮ ಕಡೆ ಇದ್ಯಾ ಅಂತ ನೋಡಿ: ನೀರು ಇಡೋಕೆ ಜಾಗ ಕಮ್ಮಿನಾ, ಜಾಸ್ತಿ ನೀರು ಬಿದ್ರೆ ಒಳಗಿನ ವಸ್ತು ಹಾಳಾಗುತ್ತಾ, ದಪ್ಪ ಪೈಪ್ ಎಳೆಯೋಕೆ ಆಗದ ಹಳೇ ಕಟ್ಟಡನಾ? ಜನರೇಟರ್ ರೂಮ್, ಗ್ಯಾಸ್ ಟರ್ಬೈನ್ ಕವಚ, ಕೇಬಲ್ ಸುರಂಗ, ಹೋಟೆಲ್, ಗ್ರಂಥಾಲಯ, ಮ್ಯೂಸಿಯಂ, ಡೇಟಾ ಸೆಂಟರ್ ಇವೆಲ್ಲ ಮಿಸ್ಟ್ ಚೆನ್ನಾಗಿ ಒಗ್ಗಿರೋ ಜಾಗಗಳು. ಮ್ಯಾಡ್ರಿಡ್‌ನ ಎಂ-30 ರಸ್ತೆ ಸುರಂಗದಲ್ಲಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಚಾನೆಲ್ ರೈಲು ಸುರಂಗದಲ್ಲಿ ಕೂಡ ಮಿಸ್ಟ್ ಹಾಕಿದಾರೆ.

ಎಲ್ಲಿ ಹಾಕಲೇಬಾರದು ಅನ್ನೋದು ಇದಕ್ಕಿಂತ ಮುಖ್ಯ. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ, ಮೆಗ್ನೀಸಿಯಂ ಥರದ ಲೋಹಗಳು, ಕ್ಯಾಲ್ಸಿಯಂ ಕಾರ್ಬೈಡ್, ಹೈಡ್ರೈಡ್‌ಗಳು, ಇವು ನೀರು ಕಂಡ್ರೆ ಉರಿಯೋ ಅಥವಾ ಉರಿಯೋ ಗ್ಯಾಸ್ ಬಿಡೋ ಜಾತಿ, ನೀರು ಮಂಜಾಗಿ ಬಂದ್ರೂ ನೀರೇ. ದ್ರವರೂಪದಲ್ಲಿರೋ ಅತಿ ಶೀತಲ ಗ್ಯಾಸ್‌ಗಳ ಮೇಲೂ ಬೇಡ, ನೀರಿನ ಶಾಖಕ್ಕೇ ಅವು ಕುದ್ದು ಜಾಸ್ತಿ ಆವಿ ಬಿಡ್ತವೆ.

ಲಿಥಿಯಂ ಅಯಾನ್ ಬ್ಯಾಟರಿ ಬಗ್ಗೆ ಎಲ್ಲರೂ ಕೇಳ್ತಾರೆ. ಅದರಲ್ಲಿರೋದು ಲೋಹದ ಲಿಥಿಯಂ ಗಟ್ಟಿ ಅಲ್ಲ, ಹಾಗಾಗಿ ನೀರು ನಿಷಿದ್ಧ ಅಲ್ಲ. ಮಿಸ್ಟ್ ಅಲ್ಲಿ ಪಕ್ಕದ ಬ್ಯಾಟರಿಗಳನ್ನ ತಂಪಾಗಿಟ್ಟು ಬೆಂಕಿ ಹರಡೋದನ್ನ ನಿಧಾನ ಮಾಡುತ್ತೆ, ಆದ್ರೆ ಸೆಲ್ ಒಳಗೆ ಶುರುವಾದ ಥರ್ಮಲ್ ರನ್‌ಅವೇ (ಶಾಖವೇ ಇನ್ನಷ್ಟು ಶಾಖ ಹುಟ್ಟಿಸ್ತಾ ಕೈಮೀರೋದು) ನಿಲ್ಸೋಕೆ ಅದರ ಕೈಲಿ ಆಗಲ್ಲ, ಯಾಕಂದ್ರೆ ಹನಿ ಡಬ್ಬದ ಒಳಗೆ ಹೋಗೋದೇ ಇಲ್ಲ. ಮೇಲಾಗಿ ಜ್ವಾಲೆ ಆರಿದ ಮೇಲೂ ಸೆಲ್‌ಗಳು ಉರಿಯೋ ಗ್ಯಾಸ್ ಬಿಡ್ತಾನೇ ಇರ್ತವೆ, ಅದನ್ನ ಹೊರಗೆ ಹಾಕೋ ವ್ಯವಸ್ಥೆ ಇಲ್ದೆ ಬರೀ ಮಿಸ್ಟ್ ನಂಬ್ಕೊಂಡ್ರೆ ಆಮೇಲೆ ಸ್ಫೋಟದ ಅಪಾಯ.

ಹೆಜ್ಜೆ 2: ಯಾವ ಥರದ ಸಿಸ್ಟಮ್

ಒತ್ತಡದ ಪ್ರಕಾರ ಮೂರು ವರ್ಗ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 750 ಸ್ಟ್ಯಾಂಡರ್ಡ್ ಹೇಳೋ ಹಾಗೆ 12.1 ಬಾರ್ (ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ತನಕ ಲೋ ಪ್ರೆಶರ್, ಅಲ್ಲಿಂದ 34.5 ಬಾರ್ ತನಕ ಮಧ್ಯಮ, ಅದಕ್ಕೆ ಮೇಲೆ ಹೈ ಪ್ರೆಶರ್. ಮಾರ್ಕೆಟ್‌ನಲ್ಲಿ ಹೈ ಪ್ರೆಶರ್ ಅಂತ ಸಿಗೋದು ಸಾಮಾನ್ಯವಾಗಿ 60ರಿಂದ 120 ಬಾರ್ ನಡುವೆ ಓಡುತ್ತೆ. ಹೈ ಪ್ರೆಶರ್‌ನಲ್ಲಿ ಹನಿ ಸಣ್ಣ, ಪೈಪ್ ಸಣ್ಣ, ನೀರು ಕಮ್ಮಿ, ಆದ್ರೆ ಪಂಪ್ ಮತ್ತೆ ಫಿಟ್ಟಿಂಗ್ ದುಬಾರಿ. ಲೋ ಪ್ರೆಶರ್‌ನಲ್ಲಿ ಹನಿ ದಪ್ಪ, ನೀರು ಜಾಸ್ತಿ, ಮೇಂಟೆನೆನ್ಸ್ ಸಲೀಸು. ಹೈ ಪ್ರೆಶರ್ ಅಂದ ಮಾತ್ರಕ್ಕೆ ಮೇಲು ಅಂತ ಏನಿಲ್ಲ, ನಿಮ್ಮ ಜಾಗಕ್ಕೆ ಟೆಸ್ಟ್ ಪಾಸ್ ಆಗಿರೋದು ಯಾವುದೋ ಅದೇ ಮೇಲು.

ನಾಝಲ್ ಎರಡು ಥರ. ಮುಚ್ಚಿದ ನಾಝಲ್‌ಗೆ ಗಾಜಿನ ಬಲ್ಬ್ ಇರುತ್ತೆ, ಶಾಖಕ್ಕೆ ಒಡೆದ್ರೆ ಅದೊಂದು ಮಾತ್ರ ತೆರ್ಕೊಳ್ಳುತ್ತೆ (ಬಲ್ಬಿನೊಳಗಿನ ಬಣ್ಣ ನೋಡಿ ಗುರುತು ಹಿಡೀಬಹುದು: ಕಿತ್ತಳೆ 57 ಡಿಗ್ರಿ, ಕೆಂಪು 68, ಹಳದಿ 79, ಹಸಿರು 93). ಹೋಟೆಲ್, ಆಫೀಸು, ಗ್ರಂಥಾಲಯಕ್ಕೆ ಇದು. ತೆರೆದ ನಾಝಲ್ ಆದ್ರೆ ಡಿಟೆಕ್ಟರ್ ಸಿಗ್ನಲ್ ಕೊಟ್ಟಾಗ ವಾಲ್ವ್ ತೆರೆದು ಆ ವಲಯದ ಎಲ್ಲ ನಾಝಲ್‌ಗಳೂ ಒಟ್ಟಿಗೆ ಹೊಡೀತವೆ, ಅದನ್ನ ಡೆಲ್ಯೂಜ್ ಅಂತಾರೆ, ಮೆಷಿನ್ ರೂಮ್, ಟರ್ಬೈನ್, ಸುರಂಗಕ್ಕೆ ಅದೇ ಸರಿ. ಎರಡರ ಮಧ್ಯೆ ಪ್ರೀ-ಆಕ್ಷನ್: ಪೈಪಲ್ಲಿ ನೀರು ಇರಲ್ಲ, ಡಿಟೆಕ್ಟರೂ ಕೂಗ್ಬೇಕು, ಬಲ್ಬೂ ಒಡೀಬೇಕು, ಆಗ ಮಾತ್ರ ನೀರು ಬರುತ್ತೆ. ಯಾರೋ ಏಣಿ ತಗುಲಿಸಿ ಬಲ್ಬ್ ಒಡೆದ್ರೆ ಸರ್ವರ್ ಮೇಲೆ ನೀರು ಸುರಿಯೋದು ಬೇಡ ಅನ್ನೋ ಡೇಟಾ ಸೆಂಟರ್‌ನವರು ಇದಕ್ಕೇ ಹೋಗೋದು.

ಗ್ಯಾಸ್ ಟರ್ಬೈನ್‌ಗೆ ಒಂದು ಕಿವಿಮಾತು. ಜೋರಾಗಿ ಕಾದಿರೋ ಟರ್ಬೈನ್ ಹೊರಮೈ ಮೇಲೆ ಒಂದೇ ಸಮ ತಣ್ಣೀರು ಬಿದ್ರೆ ಲೋಹ ಕುಗ್ಗಿ ಒಳಗೆ ಬ್ಲೇಡ್ ಉಜ್ಜೋ ಅಪಾಯ ಇದೆ, ಅದಕ್ಕೆ ಅಲ್ಲಿ ಸ್ವಲ್ಪ ಹೊತ್ತು ಹೊಡೆದು ಸ್ವಲ್ಪ ಹೊತ್ತು ನಿಲ್ಸೋ ಸೈಕಲ್ ಇಡ್ತಾರೆ.

ಹೆಜ್ಜೆ 3: ಟೆಸ್ಟ್ ರಿಪೋರ್ಟ್ ಕೇಳಿ, ಇಲ್ಲ ಅಂದ್ರೆ ಎದ್ದು ಬನ್ನಿ

ಈ ಹೆಜ್ಜೇಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ದುಡ್ಡು ನೀರಾಗೋದು ಇಲ್ಲೇ. ಸ್ಪ್ರಿಂಕ್ಲರ್‌ಗೆ ಒಂದು ಟೇಬಲ್ ಇರುತ್ತೆ, ಜಾಗದ ಅಪಾಯದ ವರ್ಗ ನೋಡಿ ಚದರ ಮೀಟರಿಗೆ ನಿಮಿಷಕ್ಕೆ ಇಷ್ಟು ನೀರು ಅಂತ ಹೇಳಿಬಿಡಬಹುದು, ಯಾವ ಕಂಪನಿ ಸ್ಪ್ರಿಂಕ್ಲರ್ ಆದ್ರೂ ನಡೆಯುತ್ತೆ. ವಾಟರ್ ಮಿಸ್ಟ್‌ಗೆ ಅಂಥ ಟೇಬಲ್ ಇಲ್ಲ. ಎರಡು ಕಂಪನಿಯ ನಾಝಲ್ ಒಂದೇ ಒತ್ತಡದಲ್ಲಿ ಅಷ್ಟೇ ನೀರು ಬಿಟ್ರೂ ಹನಿ ಗಾತ್ರ, ಕೋನ, ರಭಸ ಎಲ್ಲ ಬೇರೆ ಬೇರೆ, ಒಂದು ಬೆಂಕಿ ಆರಿಸಿದ್ರೆ ಇನ್ನೊಂದು ಆರಿಸದೇ ಇರಬಹುದು. ಹಾಗಾಗಿ ಪ್ರತಿ ಸಿಸ್ಟಮನ್ನೂ ನಿಜವಾದ ಗಾತ್ರದ ರೂಮಲ್ಲಿ ನಿಜವಾದ ಬೆಂಕಿ ಹಚ್ಚಿ ಪರೀಕ್ಷೆ ಮಾಡಿರ್ಬೇಕು, ಆ ಪರೀಕ್ಷೆಯ ಮಿತಿಗಳೇ ನಿಮ್ಮ ಡಿಸೈನ್.

ಉದಾಹರಣೆಗೆ ಹಡಗಿನ ಇಂಜಿನ್ ರೂಮಿಗೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಐಎಂಒದ 1165ನೇ ಸರ್ಕ್ಯುಲರ್ ಇದೆ, ಅದರಲ್ಲಿ 1 ಮೆಗಾವ್ಯಾಟ್, 6 ಮೆಗಾವ್ಯಾಟ್ ಎಣ್ಣೆ ಸ್ಪ್ರೇ ಬೆಂಕಿಗಳೆಲ್ಲ ಬರ್ತವೆ, ಮರೇಲಿರೋ ಬೆಂಕಿಯೂ ಇದೆ. ಭೂಮಿ ಮೇಲಿನ ಕಟ್ಟಡಗಳಿಗೆ ಯುರೋಪಿನ ಇಎನ್ 14972, ಅಮೆರಿಕದ ಎಫ್‌ಎಂ 5560, ಯುಎಲ್ 2167 ಅನ್ನೋ ಸ್ಟ್ಯಾಂಡರ್ಡ್‌ಗಳಲ್ಲಿ ಜಾಗಕ್ಕೆ ತಕ್ಕ ಪರೀಕ್ಷೆಗಳು ಇವೆ. ರಿಪೋರ್ಟ್ ಕೈಗೆ ಬಂದಾಗ ನೀವು ನೋಡ್ಬೇಕಾದ್ದು ಇಷ್ಟು: ಪರೀಕ್ಷೆ ಮಾಡಿದ ರೂಮಿನ ಎತ್ತರ ಎಷ್ಟು, ಒಟ್ಟು ಗಾತ್ರ ಎಷ್ಟು, ನಾಝಲ್ ನಡುವಿನ ಗರಿಷ್ಠ ಅಂತರ ಎಷ್ಟು, ಕನಿಷ್ಠ ಒತ್ತಡ ಎಷ್ಟು, ಬಾಗಿಲು ತೆರೆದಿತ್ತಾ ಮುಚ್ಚಿತ್ತಾ, ಉರಿದ ವಸ್ತು ಯಾವುದು. ನಿಮ್ಮ ರೂಮಿನ ಎತ್ತರ 6 ಮೀಟರ್, ಪರೀಕ್ಷೆ ಆಗಿದ್ದು 4 ಮೀಟರ್‌ನಲ್ಲಿ ಅಂದ್ರೆ ಆ ಸರ್ಟಿಫಿಕೇಟ್ ನಿಮಗಲ್ಲ. "ಎರಡು ನಾಝಲ್ ಜಾಸ್ತಿ ಹಾಕಿ ಅಡ್ಜಸ್ಟ್ ಮಾಡ್ತೀವಿ" ಅನ್ನೋರನ್ನ ದೂರ ಇಡಿ. ಆಮೇಲೆ ಒಂದು ಕಂಪನಿ ಪಂಪು, ಇನ್ನೊಂದು ಕಂಪನಿ ನಾಝಲ್ ಅಂತ ಬೆರಕೆ ಮಾಡೋದೂ ಬೇಡ, ಪರೀಕ್ಷೆ ಪಾಸ್ ಆಗಿದ್ದು ಇಡೀ ಸಿಸ್ಟಮ್, ಬಿಡಿ ಭಾಗಗಳಲ್ಲ.

ಹೆಜ್ಜೆ 4: ನೀರು ಮತ್ತೆ ಪಂಪ್ ಲೆಕ್ಕ

ಸೂತ್ರ ಸಿಂಪಲ್. ನಾಝಲ್ ಬಿಡೋ ನೀರು (ನಿಮಿಷಕ್ಕೆ ಲೀಟರ್‌ನಲ್ಲಿ) ಅಂದ್ರೆ ಕೆ ಫ್ಯಾಕ್ಟರ್ (ಆ ನಾಝಲ್‌ಗೆ ಕಂಪನಿ ಕೊಡೋ ಸ್ಥಿರ ಅಂಕಿ) ಗುಣಿಸು ಒತ್ತಡದ (ಬಾರ್‌ನಲ್ಲಿ) ವರ್ಗಮೂಲ. ಕೆ 2 ಇರೋ ನಾಝಲ್, 100 ಬಾರ್ ಅಂದ್ಕೊಳ್ಳಿ, ವರ್ಗಮೂಲ 10, ಅಂದ್ರೆ ನಿಮಿಷಕ್ಕೆ 20 ಲೀಟರ್. ಅಂಥ 12 ತೆರೆದ ನಾಝಲ್ ಇದ್ರೆ 240 ಲೀಟರ್. 30 ನಿಮಿಷ ಓಡ್ಬೇಕು ಅಂದ್ರೆ 7200 ಲೀಟರ್ ಟ್ಯಾಂಕ್, ಅದರ ಮೇಲೆ ಟ್ಯಾಂಕಿನ ತಳದಲ್ಲಿ ಎಳ್ಕೊಳ್ಳೋಕಾಗದ ನೀರಿಗೆ ಬೇರೆ ಸೇರಿಸ್ಬೇಕು. ಪೈಪಲ್ಲಿ ಕಳ್ಕೊಳ್ಳೋ ಒತ್ತಡ ಸೇರಿಸಿ ಪಂಪು 120 ಬಾರ್ ಕೊಡ್ಬೇಕು ಅಂತಾದ್ರೆ, 240 ಗುಣಿಸು 120 ಭಾಗಿಸು 600 (ಲೀಟರ್, ಬಾರ್ ಲೆಕ್ಕವನ್ನ ಕಿಲೋವ್ಯಾಟ್‌ಗೆ ತರೋ ಅಂಕಿ), ಅಂದ್ರೆ 48 ಕಿಲೋವ್ಯಾಟ್. ಪಂಪಿನ ನಷ್ಟ ಸೇರಿದ್ರೆ ಮೋಟರ್ 55 ಕಿಲೋವ್ಯಾಟ್ ದಾಟುತ್ತೆ. ಈ ಕರೆಂಟು ಬೆಂಕಿ ಬಿದ್ದ ಹೊತ್ತಲ್ಲೂ ಬರ್ಬೇಕು ಅನ್ನೋದು ಎಷ್ಟೋ ಪ್ಲಾನ್‌ಗಳಲ್ಲಿ ಬಿಟ್ಟೇ ಹೋಗಿರುತ್ತೆ, ಬೇರೆ ಫೀಡರ್ (ಪ್ರತ್ಯೇಕ ಕರೆಂಟ್ ಲೈನ್) ಅಥವಾ ಡೀಸೆಲ್ ಪಂಪ್ ಇಡಿ. ಸಣ್ಣ ಜಾಗಕ್ಕಾದ್ರೆ ನೈಟ್ರೋಜನ್ ಸಿಲಿಂಡರ್ ಒತ್ತಡದಲ್ಲಿ ನೀರು ತಳ್ಳೋ ಸಿಸ್ಟಮ್ ಇದೆ, ಕರೆಂಟೇ ಬೇಡ, ಆದ್ರೆ ಸಿಲಿಂಡರ್ ಖಾಲಿ ಆದ್ರೆ ಆಟ ಮುಗೀತು.

ಅದೇ ನಾಝಲ್‌ನಲ್ಲಿ ಒತ್ತಡ 64 ಬಾರ್‌ಗೆ ಬಿದ್ರೆ ನೀರು 16 ಲೀಟರ್‌ಗೆ ಇಳಿಯುತ್ತೆ. 20 ಇದ್ದಿದ್ದು 16 ತಾನೇ ಅಂತ ಸಮಾಧಾನ ಪಟ್ಕೋಬೇಡಿ, ಒತ್ತಡ ಕಮ್ಮಿ ಆದಾಗ ಹನಿ ದಪ್ಪ ಆಗುತ್ತೆ, ರಭಸವೂ ಹೋಗುತ್ತೆ, ಮೂರೂ ಒಟ್ಟಿಗೆ ಹೊಡೆತ. ಕನಿಷ್ಠ ಒತ್ತಡ ಅನ್ನೋದು ಅತ್ಯಂತ ದೂರದ ನಾಝಲ್‌ನಲ್ಲಿ ಸಿಗ್ಬೇಕು, ಪಂಪಿನ ಗೇಜ್‌ನಲ್ಲಿ ಅಲ್ಲ.

ಹೆಜ್ಜೆ 5: ಪೈಪ್, ಫಿಲ್ಟರ್, ನಾಝಲ್ ಜಾಗ

ಪೈಪು ಸ್ಟೇನ್‌ಲೆಸ್ ಸ್ಟೀಲ್, ಸಾಮಾನ್ಯವಾಗಿ 316 ದರ್ಜೆ. ಸಾದಾ ಕಬ್ಬಿಣದ ಪೈಪ್ ಹಾಕಿದ್ರೆ ಒಳಗಿನ ತುಕ್ಕಿನ ಚಕ್ಕೆಯೇ ನಾಝಲ್ ಮುಚ್ಚುತ್ತೆ, ಒಂದು ಮಿಲಿಮೀಟರಿಗಿಂತ ಸಣ್ಣ ತೂತು ಅದು. ಫಿಲ್ಟರ್ ಜಾಲರಿಯ ಕಣ್ಣು ನಾಝಲ್‌ನ ಅತಿ ಸಣ್ಣ ದಾರಿಯ 80% ಮೀರಬಾರದು ಅನ್ನೋದು ಒಪ್ಪಿತ ನಿಯಮ, ಪಂಪಿಗೆ ಮುಂಚೆ ಒಂದು, ಪ್ರತಿ ನಾಝಲ್ ಒಳಗೂ ಒಂದು. ಜೋಡಣೆ ಮುಗಿದ ಮೇಲೆ ನಾಝಲ್ ಹಾಕೋಕೆ ಮುಂಚೆ ಪೈಪನ್ನ ಜೋರಾಗಿ ತೊಳೀಬೇಕು. ಕೆಲಸದೋರು ಪೈಪ್ ಕತ್ತರಿಸಿದಾಗ ಉಳಿದ ಲೋಹದ ಪುಡಿ, ಟೇಪಿನ ಚೂರು ಎಲ್ಲ ಒಳಗೇ ಇರುತ್ತೆ.

ನಾಝಲ್ ಜಾಗ ಗುರುತು ಮಾಡೋವಾಗ ಡ್ರಾಯಿಂಗ್ ಮಾತ್ರ ನಂಬದೆ ಜಾಗಕ್ಕೇ ಹೋಗಿ ನೋಡಿ, ಕೇಬಲ್ ಟ್ರೇ, ಏರ್ ಡಕ್ಟ್, ಬೀಮ್ ಇವೆಲ್ಲ ಡ್ರಾಯಿಂಗ್‌ನಲ್ಲಿ ಇಲ್ದೆ ನಿಜದಲ್ಲಿ ಇರ್ತವೆ. ಆಮೇಲೆ ಇಂಟರ್‌ಲಾಕ್, ಅಂದ್ರೆ ಒಂದು ಶುರುವಾಗೋಕೆ ಮುಂಚೆ ಇನ್ನೊಂದು ತಾನಾಗೇ ನಿಲ್ಲೋ ಜೋಡಣೆ: ಮಿಸ್ಟ್ ಶುರುವಾಗೋಕೆ ಮುಂಚೆ ವೆಂಟಿಲೇಶನ್ ಫ್ಯಾನ್ ನಿಲ್ಬೇಕು, ಡ್ಯಾಂಪರ್ (ಗಾಳಿ ಡಕ್ಟಿನ ಬಾಗಿಲು) ಮುಚ್ಬೇಕು, ಇಂಧನ ಪಂಪ್ ಬಂದ್ ಆಗ್ಬೇಕು, ಸಾಧ್ಯ ಆದ್ರೆ ಕರೆಂಟೂ ಕಡಿತ ಆಗ್ಬೇಕು. ಇಂಧನ ಬರ್ತಾನೇ ಇದ್ರೆ ಆರಿದ ಬೆಂಕಿ ಮತ್ತೆ ಹತ್ಕೊಳ್ಳುತ್ತೆ, ಫ್ಯಾನ್ ಓಡ್ತಾನೇ ಇದ್ರೆ ಮಂಜೆಲ್ಲ ಹೊರಗೆ ಹೋಗುತ್ತೆ. ನನ್ನ ಪ್ರಕಾರ ಒಳ್ಳೇ ನಾಝಲ್‌ಗಿಂತ ಒಳ್ಳೇ ಇಂಟರ್‌ಲಾಕ್ ಮುಖ್ಯ.

ಹೆಜ್ಜೆ 6: ಚಾಲೂ ಮಾಡೋದು, ಆಮೇಲೆ ನೋಡ್ಕೊಳ್ಳೋದು

ಕಮಿಷನಿಂಗ್ ದಿನ ಪೂರ್ತಿ ಹೊಡೆಸಿ ನೋಡಿ, ಸಾಧ್ಯವಿರೋ ಜಾಗದಲ್ಲಿ. ದೂರದ ನಾಝಲ್‌ನಲ್ಲಿ ಗೇಜ್ ಹಾಕಿ ಒತ್ತಡ ಬರ್ಕೊಳ್ಳಿ, ಮುಂದೆ ಪ್ರತಿ ಟೆಸ್ಟನ್ನೂ ಈ ಅಂಕಿ ಜೊತೆ ಹೋಲಿಸಿದ್ರೆ ಫಿಲ್ಟರ್ ಕಟ್ಕೊಳ್ತಿದೆಯಾ, ಪಂಪ್ ಸವೀತಿದೆಯಾ ಎಲ್ಲ ಗೊತ್ತಾಗುತ್ತೆ. ಆಮೇಲೆ ಟ್ಯಾಂಕ್ ಮಟ್ಟ, ಸಿಲಿಂಡರ್ ಒತ್ತಡ, ವಾಲ್ವ್ ಯಾವ ಸ್ಥಿತೀಲಿದೆ, ಇವನ್ನ ಪದೇ ಪದೇ ನೋಡೋದು. ಒಂದು ಸಲ ಹೊಡೆದ ಮೇಲೆ ಎಲ್ಲ ಫಿಲ್ಟರ್ ಬಿಚ್ಚಿ ತೊಳೆಯೋದು. ಪೇಂಟ್ ಕೆಲಸ ನಡೆದ ಮೇಲೆ ನಾಝಲ್‌ಗಳನ್ನ ಒಂದೊಂದಾಗಿ ನೋಡಿ, ಬಣ್ಣ ಬಿದ್ದಿರೋ ಬಲ್ಬ್ ತಡವಾಗಿ ಒಡೆಯುತ್ತೆ, ಒರೆಸೋಕೆ ಹೋಗ್ಬೇಡಿ, ಬದಲಾಯಿಸಿ.

ಕೈಯಲ್ಲಿ ಹಿಡಿಯೋ ವಾಟರ್ ಮಿಸ್ಟ್ ಸಿಲಿಂಡರ್ ಬಗ್ಗೆ ಎರಡು ಮಾತು. ಪೇಪರ್, ಮರ, ಬಟ್ಟೆ ಬೆಂಕಿಗೆ ಚೆನ್ನಾಗಿ ಆಗುತ್ತೆ. ಒಳಗಿರೋದು ಖನಿಜ ತೆಗೆದ ನೀರು, ಹಾಗಾಗಿ ಕರೆಂಟ್ ಇರೋ ಕಡೆ ಕೂಡ, ಡೈಎಲೆಕ್ಟ್ರಿಕ್ ಪರೀಕ್ಷೆ (ಮಂಜಿನ ಮೂಲಕ ಕರೆಂಟ್ ಹರಿದು ಬರಲ್ಲ ಅಂತ ನೋಡೋದು) ಪಾಸ್ ಆಗಿದೆ ಅಂತ ಲೇಬಲ್ ಮೇಲೆ ಬರೆದಿದ್ರೆ, ಅಲ್ಲೇ ಹೇಳಿರೋ ದೂರದಿಂದ ಹೊಡೀಬಹುದು. ಅಡುಗೆ ಎಣ್ಣೆ ಬೆಂಕಿಗೆ ಬಿಂದಿಗೆ ನೀರು ಸುರಿದ್ರೆ ಎಣ್ಣೆ ಸಿಡಿದು ಉರಿ ಸೂರಿಗೆ ಹೋಗುತ್ತೆ, ಆದ್ರೆ ಸರಿಯಾದ ಮಿಸ್ಟ್ ಸಿಲಿಂಡರ್ ಸಣ್ಣ ಹನಿಯಿಂದ ಎಣ್ಣೆಯ ಮೇಲ್ಮೈ ತಣಿಸಿ ಆರಿಸುತ್ತೆ. ಲೇಬಲ್‌ನಲ್ಲಿ ಎಫ್ ಕ್ಲಾಸ್ (ಅಡುಗೆ ಎಣ್ಣೆ ಬೆಂಕಿಯ ವರ್ಗ) ಅಂತ ಇದ್ರೆ ಮಾತ್ರ. ಇಲ್ಲದಿದ್ರೆ ಮುಚ್ಚಳ ಮುಚ್ಚಿ, ಒಲೆ ಆರಿಸಿ.

ಹೆಜ್ಜೆ 7: ತಂಪು ಬೇಕಾದ್ರೆ ಮೊದಲು ತೇವಾಂಶ ನೋಡಿ

ಇಲ್ಲಿಂದ ಲೆಕ್ಕ ಉಲ್ಟಾ. ಮಿಸ್ಟ್ ಗಾಳಿಯನ್ನ ಎಷ್ಟು ತಂಪು ಮಾಡಬಲ್ಲದು ಅನ್ನೋದಕ್ಕೆ ಒಂದು ನೆಲಮಟ್ಟ ಇದೆ, ಅದು ವೆಟ್ ಬಲ್ಬ್ ತಾಪಮಾನ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ಗೆ ಗಾಳಿ ಬೀಸಿದಾಗ ತೋರಿಸೋ ತಾಪ), ಅದಕ್ಕಿಂತ ಕೆಳಗೆ ಯಾವ ಪಂಪೂ ಇಳಿಸಲ್ಲ. 40 ಡಿಗ್ರಿ ಬಿಸಿಲು, 20% ತೇವಾಂಶ ಇದ್ರೆ ವೆಟ್ ಬಲ್ಬ್ ಸುಮಾರು 22ರಿಂದ 23 ಡಿಗ್ರಿ, ಅಂದ್ರೆ 17 ಡಿಗ್ರಿ ಅವಕಾಶ ಇದೆ, ಅದರಲ್ಲಿ ಅರ್ಧ ಸಿಕ್ಕಿದ್ರೂ 8 ಡಿಗ್ರಿ ಇಳಿಯುತ್ತೆ, ಸ್ವರ್ಗ. ಅದೇ 40 ಡಿಗ್ರಿಗೆ ತೇವಾಂಶ 60% ಇದ್ರೆ ವೆಟ್ ಬಲ್ಬ್ 33. ಇನ್ನು 32 ಡಿಗ್ರಿ, 80% ತೇವಾಂಶ ಅಂದ್ರೆ ವೆಟ್ ಬಲ್ಬ್ 29, ಅಲ್ಲಿ ಮಿಸ್ಟ್ ಹಾಕಿದ್ರೆ ಒಂದೋ ಎರಡೋ ಡಿಗ್ರಿ ಇಳಿಯುತ್ತೆ, ಬೆವರು ಆರದೆ ಸೆಕೆ ಮೊದಲಿಗಿಂತ ಜಾಸ್ತಿ ಅನ್ಸುತ್ತೆ. ಅಂಥ ಊರಲ್ಲಿರೋರು ಮಿಸ್ಟ್ ಯೋಚನೆ ಬಿಟ್ಟು ಫ್ಯಾನ್, ನೆರಳು ನೋಡ್ಕೊಳ್ಳೋದೇ ಜಾಣತನ.

ಮುಚ್ಚಿದ ರೂಮಲ್ಲಿ ಮಿಸ್ಟ್ ಬಿಡೋದೂ ಇದೇ ಕಾರಣಕ್ಕೆ ದಂಡ. ಮೊದಲ ಹತ್ತು ನಿಮಿಷ ತಂಪು, ಆಮೇಲೆ ಗಾಳಿ ತೇವದಿಂದ ತುಂಬಿ ಹನಿ ಆವಿ ಆಗೋದೇ ನಿಲ್ಲುತ್ತೆ, ಗೋಡೆಗೆಲ್ಲ ಬೂಷ್ಟು. ಒಂದು ಕಡೆಯಿಂದ ಗಾಳಿ ಬಂದು ಇನ್ನೊಂದು ಕಡೆಯಿಂದ ಹೋಗೋ ತೆರೆದ ಜಾಗವೇ ಬೇಕು.

ಹೆಜ್ಜೆ 8: ಕೂಲಿಂಗ್ ಲೈನ್ ಹಾಕೋದು

ಗಂಟೆಗೆ ಒಂದು ಲೀಟರ್ ನೀರು ಆವಿಯಾದ್ರೆ ಸುಮಾರು 0.67 ಕಿಲೋವ್ಯಾಟ್ ತಂಪು ಸಿಗುತ್ತೆ. ನಿಮ್ಮ ನಾಝಲ್ ನಿಮಿಷಕ್ಕೆ 80 ಮಿಲಿಲೀಟರ್ ಬಿಡುತ್ತೆ, 20 ನಾಝಲ್ ಇದೆ ಅಂದ್ಕೊಳ್ಳಿ, ನಿಮಿಷಕ್ಕೆ 1.6 ಲೀಟರ್, ಗಂಟೆಗೆ 96 ಲೀಟರ್, ಎಲ್ಲ ಆವಿ ಆದ್ರೆ 64 ಕಿಲೋವ್ಯಾಟ್, ಅಂದ್ರೆ ಸುಮಾರು 18 ಟನ್ ಎಸಿಯಷ್ಟು. ಕೇಳೋಕೆ ಭರ್ಜರಿ, ಆದ್ರೆ ತೆರೆದ ಜಾಗದಲ್ಲಿ ಗಾಳಿ ಅದನ್ನ ಹೊತ್ಕೊಂಡು ಹೋಗ್ತಾನೇ ಇರುತ್ತೆ. ಪಂಪ್ ತಗೊಳ್ಳೋವಾಗ ಒಟ್ಟು ಹರಿವಿಗೆ 10% ಸೇರಿಸಿ ತಗೊಳ್ಳಿ.

ಒತ್ತಡ 70 ಬಾರ್ ಹತ್ತಿರ ಇರಲಿ, ನಾಝಲ್ ತೂತು 0.15ರಿಂದ 0.3 ಮಿಲಿಮೀಟರ್. ನಲ್ಲಿಗೆ ನೇರ ಜೋಡಿಸೋ ಅಗ್ಗದ ಕಿಟ್ 3, 4 ಬಾರ್‌ನಲ್ಲಿ ಓಡುತ್ತೆ, ಹನಿ ದಪ್ಪ, ಗಿಡಕ್ಕೆ ಪರವಾಗಿಲ್ಲ, ಕೂತಿರೋ ಜನಕ್ಕೆ ತಲೆ ಒದ್ದೆ. ಲೈನು 2.5ರಿಂದ 3 ಮೀಟರ್ ಎತ್ತರದಲ್ಲಿ ಇರಲಿ, ನಾಝಲ್ ನಡುವೆ 60ರಿಂದ 75 ಸೆಂಟಿಮೀಟರ್. ಇನ್ನೂ ಕೆಳಗೆ ಹಾಕಿದ್ರೆ ಹನಿಗೆ ಆವಿ ಆಗೋಕೆ ಸಮಯ ಸಿಗಲ್ಲ. ನಾಝಲ್ ಹಿಂದೆ ಅಥವಾ ಪಕ್ಕದಿಂದ ಫ್ಯಾನ್ ಬೀಸಿದ್ರೆ ಹನಿ ಚದುರಿ ಬೇಗ ಮಾಯ ಆಗುತ್ತೆ. ಪಂಪ್ ನಿಂತಾಗ ಲೈನಲ್ಲಿ ಉಳಿದ ಒತ್ತಡಕ್ಕೆ ನಾಝಲ್ ತೊಟ್ಟಿಕ್ಕುತ್ತೆ, ಅದಕ್ಕೆ ಆಂಟಿ ಡ್ರಿಪ್ ನಾಝಲ್ ಮತ್ತೆ ಪಂಪ್ ನಿಂತ ಕೂಡಲೇ ಒತ್ತಡ ಖಾಲಿ ಮಾಡೋ ಸೊಲೆನಾಯ್ಡ್ (ಕರೆಂಟಿಂದ ತಾನೇ ತೆರೆದು ಮುಚ್ಚೋ) ಡ್ರೈನ್ ವಾಲ್ವ್ ಹಾಕಿ. ತೇವಾಂಶದ ಸೆನ್ಸರ್ ಜೋಡಿಸಿದ್ರೆ ಇನ್ನೂ ಒಳ್ಳೇದು, ಗಾಳಿ ಒದ್ದೆ ಆದಾಗ ತಾನೇ ನಿಲ್ಲುತ್ತೆ.

ಗಡಸು ನೀರಾದ್ರೆ ನಾಝಲ್ ತುದೀಲಿ ಬಿಳಿ ಸುಣ್ಣ ಕಟ್ಟುತ್ತೆ, ಹನಿ ವಕ್ರವಾಗಿ ಹೋಗುತ್ತೆ, ಆಮೇಲೆ ಪೂರ್ತಿ ಮುಚ್ಚುತ್ತೆ. 5 ಮೈಕ್ರಾನ್ ಫಿಲ್ಟರ್ ಕಸ ತಡೆಯುತ್ತೆ ಅಷ್ಟೇ, ಕರಗಿರೋ ಸುಣ್ಣ ತಡೆಯಲ್ಲ, ಅದಕ್ಕೆ ಸಾಫ್ಟ್‌ನರ್ ಅಥವಾ ಆರ್‌ಒ ಬೇಕು. ಎಸಿ ಕಂಡೆನ್ಸರ್ (ಶಾಖ ಹೊರಹಾಕೋ ಹೊರಗಿನ ಭಾಗ) ಮುಂದೆ ಮಿಸ್ಟ್ ಹೊಡೆದು ಕರೆಂಟ್ ಉಳಿಸೋ ಐಡಿಯಾ ಓಡಾಡ್ತಿದೆ, ಕೆಲಸ ಮಾಡುತ್ತೆ, ಆದ್ರೆ ಗಡಸು ನೀರಲ್ಲಿ ಮಾಡಿದ್ರೆ ಅದರ ಫಿನ್‌ಗಳ (ತೆಳ್ಳನೆ ಲೋಹದ ತಗಡುಗಳ) ಮೇಲೆ ಸುಣ್ಣ ಕೂತು ಕೊನೆಗೆ ಎಸಿಯೇ ಏದುಸಿರು ಬಿಡುತ್ತೆ. ವಿದ್ಯುತ್ ಸ್ಥಾವರಗಳಲ್ಲಿ ಗ್ಯಾಸ್ ಟರ್ಬೈನ್ ಒಳಗೆ ಹೋಗೋ ಗಾಳಿಯನ್ನ ಇದೇ ಥರ ತಣಿಸ್ತಾರೆ, ತಣ್ಣಗಿನ ಗಾಳಿ ದಟ್ಟ, ಹಾಗಾಗಿ ಟರ್ಬೈನ್ ಜಾಸ್ತಿ ಕರೆಂಟ್ ಕೊಡುತ್ತೆ, ಅಲ್ಲಿ ಖನಿಜ ಪೂರ್ತಿ ತೆಗೆದ ನೀರೇ ಬಳಸೋದು.

ಹೆಜ್ಜೆ 9: ಲೀಜಿಯೊನೆಲ್ಲಾ, ದಯವಿಟ್ಟು ಇದನ್ನ ಹಾರಿಸ್ಬೇಡಿ

ಸಣ್ಣ ಹನಿ ಶ್ವಾಸಕೋಶದ ಒಳತನಕ ಹೋಗುತ್ತೆ. ನೀರಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಇದ್ರೆ ಅದೂ ಹೋಗುತ್ತೆ, ತೀವ್ರ ನ್ಯುಮೋನಿಯಾ ಬರುತ್ತೆ. 1989ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಊರಲ್ಲಿ ತರಕಾರಿ ತಾಜಾ ಇಡೋಕೆ ಅಂಗಡೀಲಿ ಇಟ್ಟಿದ್ದ ಮಿಸ್ಟ್ ಮೆಷಿನ್‌ನಿಂದಲೇ ಈ ರೋಗ ಹರಡಿತ್ತು. ಈ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಲ್ಲಿ ಬೆಳೆಯುತ್ತೆ, ಬಿಸಿಲಿಗೆ ಬಿದ್ದಿರೋ ಪೈಪಲ್ಲಿ ನಿಂತ ನೀರು ಸರಿಯಾಗಿ ಅದೇ ಬಿಸಿ.

ಹಾಗಾಗಿ ಕುಡಿಯೋ ದರ್ಜೆಯ ನೀರೇ ಬಳಸಿ, ಹೊರಗೆ ಬಿದ್ದ ನೀರನ್ನ ಹಿಡಿದು ಮತ್ತೆ ಪಂಪಿಗೆ ಬಿಡೋ ಉಳಿತಾಯ ಬೇಡ. ಟ್ಯಾಂಕ್ ಮುಚ್ಚಿರಲಿ, ನೆರಳಲ್ಲಿರಲಿ. ಪೈಪಿನ ಕೊನೇಲಿ ಬಳಕೆ ಇಲ್ಲದ ಕುರುಡು ತುದಿ ಬಿಡ್ಬೇಡಿ. ಕೆಲವು ದಿನ ನಿಲ್ಸಿದ್ರೆ ಮತ್ತೆ ಶುರು ಮಾಡೋವಾಗ ಜನ ಇಲ್ಲದ ಹೊತ್ತಲ್ಲಿ, ನಾಝಲ್‌ನಿಂದಲ್ಲ, ಡ್ರೈನ್ ವಾಲ್ವ್‌ನಿಂದ ಹಳೇ ನೀರು ಹೊರಗೆ ಬಿಡಿ. ಆಸ್ಪತ್ರೆ, ವೃದ್ಧಾಶ್ರಮದಂಥ ಜಾಗದಲ್ಲಿ ನಾನಂತೂ ಮಿಸ್ಟ್ ಕೂಲಿಂಗ್ ಹಾಕಿಸೋಕೆ ಒಪ್ಪಲ್ಲ, ಅಲ್ಲಿರೋರ ಶ್ವಾಸಕೋಶ ಆ ಅಪಾಯ ತಡ್ಕೊಳ್ಳಲ್ಲ. ಫೈರ್ ಮಿಸ್ಟ್ ಟ್ಯಾಂಕಿಗೂ ಇದೇ ಎಚ್ಚರ ಬೇಕು, ವರ್ಷಗಟ್ಟಲೆ ನಿಂತ ನೀರು ಅದು, ಟೆಸ್ಟ್ ಮಾಡೋರು ಮಾಸ್ಕ್ ಹಾಕ್ಕೊಳ್ಳಲಿ.

ಎರಡೂ ಒಂದೇ ಲೈನಲ್ಲಿ ಆಗಲ್ವಾ?

ಆಗಲ್ಲ. 80 ಮಿಲಿಲೀಟರ್ ಬಿಡೋ ಕೂಲಿಂಗ್ ನಾಝಲ್ ಮುಂದೆ, ಮೇಲಿನ ಲೆಕ್ಕದ ಫೈರ್ ನಾಝಲ್ ನಿಮಿಷಕ್ಕೆ 20 ಲೀಟರ್ ಬಿಡುತ್ತೆ, 250 ಪಟ್ಟು. ಕೂಲಿಂಗ್ ಹನಿ ಬೆಂಕಿಯ ಬಿಸಿ ಗಾಳಿ ತಾಗಿದ ಕೂಡಲೇ ಮೇಲೇ ಆವಿ ಆಗಿ ಹೋಗುತ್ತೆ, ಉರಿಯ ಬುಡಕ್ಕೆ ಹನಿನೇ ಬರಲ್ಲ. ನೈಲಾನ್ ಪೈಪ್ ಇದ್ರೆ ಅದೂ ಕರಗುತ್ತೆ. ಫೈರ್ ಲೈನನ್ನ ದಿನಾ ತಂಪಿಗೆ ಬಳಸಿದ್ರೆ ನಾಝಲ್ ಕಟ್ಕೊಂಡು, ಟ್ಯಾಂಕ್ ಅರ್ಧ ಖಾಲಿ ಆಗಿ, ಬೇಕಾದ ದಿನ ಕೈಕೊಡುತ್ತೆ. ಪಂಪ್, ಟ್ಯಾಂಕ್, ಪೈಪ್ ಎಲ್ಲ ಬೇರೆ ಬೇರೆ ಇರಲಿ, ಪೈಪ್ ಮೇಲೆ ಯಾವುದು ಯಾವುದಕ್ಕೆ ಅಂತ ಬಣ್ಣ ಹಚ್ಚಿ ಬರೆದಿಡಿ.

ಸೆಕೆಗಾಲ ಮುಗಿದ ಮೇಲೆ ಕೂಲಿಂಗ್ ಲೈನ್ ಪೂರ್ತಿ ಖಾಲಿ ಮಾಡಿ, ನಾಝಲ್ ಬಿಚ್ಚಿ ರಾತ್ರಿ ಇಡೀ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನೀರಲ್ಲಿ ನೆನೆ ಹಾಕಿ, ತೊಳೆದು ಒಣಗಿಸಿ ಡಬ್ಬೀಲಿ ಹಾಕಿಡಿ, ತೂತಿಗೆ ಮಾತ್ರ ಪಿನ್ ಚುಚ್ಚಬೇಡಿ, ಒಂದು ಸಲ ತೂತು ಹಿಗ್ಗಿದ್ರೆ ಅದು ಮಂಜು ಬಿಡಲ್ಲ, ನೀರು ಚಿಮ್ಮುತ್ತೆ.